ಮೂಗು ಒಡೆದ ವಿಮಾನ, ಕೈಯಲ್ಲಿ ಅಂಟಿನ ಬಾಟಲಿ

ಈ ಸಲದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು. ರಿಮೋಟ್ ವಿಮಾನ ಬಿದ್ದಿದೆ, ಈಗೇನು ಮಾಡೋದು? ಮಳೆಗಾಲದ ಗಾಳಿ ಶುರುವಾದಾಗಲೆಲ್ಲ ಹೀಗೇ. ಅದಕ್ಕೇ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ತಳ್ಳಿ ಇದನ್ನಷ್ಟೇ ತೆಗೆದುಕೊಂಡಿದ್ದೇನೆ. ಯಾವ ಅಂಟು ಅಂತ ಹೆಚ್ಚುಕಮ್ಮಿ ಎಲ್ಲರೂ ಕೇಳಿದ್ದೀರಿ. ಯಾಕೆ ಬಿತ್ತು ಅಂತ ಕೇಳಿದವರು ಶಿವಮೊಗ್ಗದ ಒಬ್ಬರೇ. ನಿಮ್ಮ ಪ್ರಶ್ನೆ ಬೇರೆಯದಾದರೂ ಅವರಿಗೆ ಕೊಟ್ಟ ಉತ್ತರವನ್ನು ಓದಿಯೇ ಅಂಟಿನ ಮುಚ್ಚಳ ತೆಗೆಯಿರಿ.

ಪ್ರಶ್ನೆ: ನನ್ನದು 1.4 ಮೀಟರ್ ರೆಕ್ಕೆಯ ಟ್ರೈನರ್ (ಹಾರಿಸಲು ಕಲಿಯುವವರ ವಿಮಾನ), ಇಪಿಒ ಅನ್ನುವ ಜಾತಿಯ ಫೋಮಿನದು. ಇಳಿಸುವಾಗ ಮೂಗು ನೆಲಕ್ಕೆ ಬಡಿಯಿತು. ರೆಕ್ಕೆಗಿಂತ ಮುಂದೆ ಇರುವ ಭಾಗ ಪೂರ್ತಿ ಕಳಚಿದೆ. ಮೋಟಾರ್ ಕೂರುವ ಪ್ಲೈವುಡ್ ತುಂಡು ಹೊರಗೆ ಬಂದಿದೆ. ಕೆಳಭಾಗ ನಜ್ಜುಗುಜ್ಜು. ಫೆವಿಕ್ವಿಕ್ ಹಾಕಲಾ, ಗ್ಲೂ ಗನ್ ಹಾಕಲಾ? — ತುಮಕೂರಿನ ಓದುಗರು

ಸದ್ಯಕ್ಕೆ ಎರಡನ್ನೂ ಕೆಳಗಿಡಿ. ಮೊದಲು ಮುರಿದ ಮುಖಗಳನ್ನು ನೋಡಿ. ಫೋಮ್ ಮುರಿದ ಕಡೆ ಅದರ ಮಣಿಗಳು ಉಬ್ಬುತಗ್ಗಾಗಿ ಎದ್ದಿರುತ್ತವೆ. ಆ ಎರಡು ಒರಟು ಮುಖಗಳು ಒಂದೇ ಒಂದು ರೀತಿಯಲ್ಲಿ ಮಾತ್ರ ಸರಿಯಾಗಿ ಕೂರುತ್ತವೆ. ಮೋಟಾರಿಗೆ ಕಾರ್ಖಾನೆಯಲ್ಲಿ ಕೊಟ್ಟ ಕೋನವೂ ಆ ಒರಟಿನಲ್ಲೇ ಉಳಿದಿರುತ್ತದೆ. ಹೆಚ್ಚಿನ ಟ್ರೈನರ್‌ಗಳಲ್ಲಿ ಮೋಟಾರ್ ನೆಟ್ಟಗೆ ಮುಂದೆ ನೋಡುವುದಿಲ್ಲ. ಎರಡು ಮೂರು ಡಿಗ್ರಿ ಬಲಕ್ಕೆ, ಸುಮಾರು ಅಷ್ಟೇ ಕೆಳಕ್ಕೆ ತಿರುಗಿರುತ್ತದೆ. ಥ್ರಾಟಲ್ ಕೊಟ್ಟ ಕೂಡಲೇ ವಿಮಾನ ಎಡಕ್ಕೆ ಎಳೆಯದಿರಲಿ, ಮೂಗು ಮೇಲೇಳದಿರಲಿ ಅಂತ ಈ ಏರ್ಪಾಡು. ಚೆನ್ನಾಗಿ ಅಂಟಲಿ ಅಂತ ಉಪ್ಪು ಕಾಗದದಲ್ಲಿ ಉಜ್ಜಿದಿರೋ, ಆ ಲೆಕ್ಕ ಹೋಯಿತು. ಉಜ್ಜಬೇಡಿ. ಜೋಡಿಸಿ, ತೆಗೆದು, ಮತ್ತೆ ಜೋಡಿಸಿ ನೋಡುವುದೂ ಬೇಡ. ಪ್ರತಿ ಸಲ ಒಂದಿಷ್ಟು ಮಣಿ ಒತ್ತಿಹೋಗುತ್ತದೆ.

ನಜ್ಜಾದ ಕೆಳಭಾಗಕ್ಕೆ ಬಿಸಿ ನೀರು. ಇಪಿಒ ಫೋಮಿನ ಒಳ್ಳೆಯ ಗುಣ ಇದು. ಮೋಟಾರ್, ಸರ್ವೋ (ರೆಕ್ಕೆ, ಬಾಲದ ಪಟ್ಟಿಗಳನ್ನು ಆಡಿಸುವ ಪುಟ್ಟ ಮೋಟಾರ್), ರಿಸೀವರ್ (ರಿಮೋಟಿನ ಸಿಗ್ನಲ್ ಹಿಡಿಯುವುದು) ಎಲ್ಲ ಬಿಚ್ಚಿ ಪಕ್ಕಕ್ಕಿಡಿ. ಕುದಿಯುವ ನೀರನ್ನು ಚಮಚದಲ್ಲಿ ಒತ್ತಿಹೋದ ಜಾಗದ ಮೇಲಷ್ಟೇ ಸುರಿಯಿರಿ, ಇಲ್ಲದಿದ್ದರೆ ಆ ತುದಿಯನ್ನು ಹತ್ತು ಹದಿನೈದು ಸೆಕೆಂಡ್ ಅದ್ದಿ ತೆಗೆಯಿರಿ. ಮಣಿಗಳು ಕಣ್ಣೆದುರೇ ಉಬ್ಬುತ್ತವೆ. ಮೇಲ್ಮೈ ನುಣುಪು ಹೋಗಿ ಸ್ವಲ್ಪ ಗುಳ್ಳೆಗುಳ್ಳೆ ಆಗುತ್ತದೆ, ಆದರೆ ಆಕಾರ ಬಹುಪಾಲು ವಾಪಸ್ ಬರುತ್ತದೆ. ಹಿಂದೆ ಗ್ಲೂ ಗನ್ನಿನಲ್ಲಿ ಅಂಟಿಸಿದ ಜಾಗಕ್ಕೆ ಈ ನೀರು ತಾಗಬಾರದು, ಅದು ಬಿಟ್ಟುಕೊಳ್ಳುತ್ತದೆ. ಪೆಟ್ಟಿಗೆಯಲ್ಲಿ ಟಿವಿ ಸುತ್ತ ಬರುವ ಬಿಳಿ ಥರ್ಮಾಕೋಲಿನಲ್ಲಿ ಮಾಡಿದ ವಿಮಾನಕ್ಕೆ ಈ ಉಪಾಯ ಬೇಡ. ಅದು ಬೇರೆ ಫೋಮ್.

ಈಗ ಅಂಟು. ಫೆವಿಕ್ವಿಕ್ ಜಾತಿಯ ಅಂಟು ಇಪಿಒವನ್ನು ತಿನ್ನುವುದಿಲ್ಲ, ಥರ್ಮಾಕೋಲನ್ನು ತಿನ್ನುತ್ತದೆ. ಡೆಪ್ರಾನ್ ಅನ್ನುವ ತೆಳು ಫೋಮ್ ಹಾಳೆಯನ್ನೂ ತಿನ್ನುತ್ತದೆ. ಇಪಿಒಗೆ ಬೇಗ ಹಿಡಿಯುತ್ತದೆ ನಿಜ, ಆದರೆ ಒಣಗಿದ ಮೇಲೆ ಗಾಜಿನ ಹಾಗೆ ಗಡುಸು, ಮುಂದಿನ ಸಲ ಲ್ಯಾಂಡಿಂಗ್ ಸ್ವಲ್ಪ ಜೋರಾದರೂ ಅದೇ ಗೆರೆಯಲ್ಲಿ ಬಿರಿಯುತ್ತದೆ. ಚಿಕ್ಕ ಸೀಳಿಗೆ ಸರಿ. ಒಂದು ಎಚ್ಚರಿಕೆ: ಆ ಅಂಟು ಹತ್ತಿ ಬಟ್ಟೆಯ ಮೇಲೆ ಚೆಲ್ಲಿದರೆ ತಟ್ಟನೆ ಬಿಸಿಯಾಗಿ ಚರ್ಮ ಸುಡಬಹುದು. ತೊಡೆಯ ಮೇಲೆ ವಿಮಾನ ಇಟ್ಟುಕೊಂಡು ಅಂಟಿಸುವವರು ಇದನ್ನು ನೆನಪಿಡಿ.

ಗ್ಲೂ ಗನ್ ಬಗ್ಗೆ ನನಗೆ ಅಷ್ಟು ಪ್ರೀತಿ ಇಲ್ಲ. ಮೈದಾನದಲ್ಲಿ ತುರ್ತಿಗೆ ಒಳ್ಳೆಯದೇ. ಆದರೆ ತೂಕ ಜಾಸ್ತಿ, ಮತ್ತೆ ನಮ್ಮ ಬಿಸಿಲು ಗೊತ್ತಲ್ವಾ, ಬಳ್ಳಾರಿ ರಾಯಚೂರು ಕಡೆ ಏಪ್ರಿಲ್‌ನಲ್ಲಿ ಕಾರಿನೊಳಗೆ ಮುಚ್ಚಿಟ್ಟ ವಿಮಾನದಲ್ಲಿ ಆ ಅಂಟು ಮೆತ್ತಗಾಗಿ ಮೋಟಾರ್ ತಾನಾಗೇ ವಾಲಿಬಿಡುತ್ತದೆ.

ನಿಮ್ಮ ಕೆಲಸಕ್ಕೆ ಎರಡು ಟ್ಯೂಬಿನ ಎಪಾಕ್ಸಿ ಸರಿ. ಆರಲ್ಡೈಟ್ ಎಲ್ಲ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಐದು ನಿಮಿಷದ್ದಕ್ಕಿಂತ ನಿಧಾನದ್ದು ಗಟ್ಟಿ. ರಾತ್ರಿಯಿಡೀ ಬಿಡುವ ತಾಳ್ಮೆ ಇದ್ದರೆ ಅದನ್ನೇ ತನ್ನಿ. ಎರಡನ್ನೂ ಸಮ ಅಳತೆಯಲ್ಲಿ ಕಲಸಿ, ತೆಳ್ಳಗೆ ಸವರಿ, ಹೊರಗೆ ಉಕ್ಕಿದ್ದನ್ನು ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿ. ಒರೆಸಿದ ಪ್ರತಿ ಗ್ರಾಂ ನಿಮ್ಮ ಲಾಭವೇ. ಒತ್ತಿ ಹಿಡಿಯಲು ಪೇಂಟರ್‌ಗಳು ಬಳಸುವ ಮಾಸ್ಕಿಂಗ್ ಟೇಪ್ ಸಾಕು. ಟೇಪ್ ಸುತ್ತಿದ ಮೇಲೆ ಹಿಂದಿನಿಂದಲೂ ಮೇಲಿನಿಂದಲೂ ಒಮ್ಮೆ ನೋಡಿ, ಮೂಗು ಎತ್ತಲಾದರೂ ತಿರುಗಿದೆಯಾ ಅಂತ. ಅಂಟು ಹಸಿ ಇರುವಾಗ ತಿದ್ದುವುದು ಸುಲಭ.

ಅಂಟೊಂದನ್ನೇ ನಂಬಬೇಡಿ. ಸೀಳಿನ ಎರಡೂ ಕಡೆ ಹಾಯುವ ಹಾಗೆ ಬಿದಿರು ಕಡ್ಡಿ ಚುಚ್ಚಿ, ಕಬಾಬ್‌ಗೆ ಬಳಸುವಂಥದ್ದು. ಎರಡು ಅಥವಾ ಮೂರು, ಒಂದಕ್ಕೊಂದು ಓರೆಯಾಗಿ. 3 ಮಿಲಿಮೀಟರ್ ಕಾರ್ಬನ್ ಕೊಳವೆ ಇದ್ದರೆ ಇನ್ನೂ ಗಟ್ಟಿ. ಕಾರ್ಬನ್ ಕತ್ತರಿಸುವಾಗ ಮೂಗಿಗೆ ಮಾಸ್ಕ್ ಇರಲಿ, ಒದ್ದೆ ಮಾಡಿಕೊಂಡು ಗರಗಸ ಆಡಿಸಿ, ಆ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ರಿಸೀವರ್ ಆಂಟೆನಾವನ್ನು ಕಾರ್ಬನ್ ಪಕ್ಕದಲ್ಲಿ ಎಳೆಯಬೇಡಿ, ಕಾರ್ಬನ್ ವಿದ್ಯುತ್ ಹರಿಸುತ್ತದೆ, ಸಿಗ್ನಲ್ಲಿಗೆ ಅಡ್ಡ ಬರುತ್ತದೆ.

ಮೈದಾನದಲ್ಲಿ ಕಳೆದುಹೋದ ತುಂಡಿನ ಜಾಗಕ್ಕೆ ಹಳೆಯ ಫೋಮ್ ಕೆತ್ತಿ ಕೂರಿಸಿ. ಎಪಾಕ್ಸಿಯಿಂದ ಗುಂಡಿ ತುಂಬುವುದು ಎಲ್ಲರೂ ಮಾಡುವ ಕೆಲಸ, ಮಾಡಬಾರದ ಕೆಲಸ.

ಮೋಟಾರ್ ವಾಪಸ್ ಹಾಕುವ ಮುಂಚೆ ಪ್ರೊಪೆಲ್ಲರ್ ಇಲ್ಲದೆ ಕೈಯಲ್ಲಿ ತಿರುಗಿಸಿ. ಒಳಗಿನ ಅಯಸ್ಕಾಂತದಿಂದ ತಡೆತಡೆದು ತಿರುಗಿದರೆ ಅದು ಸಹಜ. ಕರಕರ ಅಂತ ಉಜ್ಜಿದರೆ ಕೆಂಪು ಮಣ್ಣು ಸೇರಿದೆ, ಇಲ್ಲಾ ಅಯಸ್ಕಾಂತ ಬಿಟ್ಟಿದೆ. ಶಾಫ್ಟಿನ ತುದಿಯ ಹತ್ತಿರ ಒಂದು ಪೆನ್ಸಿಲ್ ಅಲುಗದಂತೆ ಹಿಡಿದು ನಿಧಾನ ತಿರುಗಿಸಿ. ನಡುವಿನ ಸಂದು ಹಿಗ್ಗಿ ಕುಗ್ಗಿದರೆ ಶಾಫ್ಟ್ ಬಾಗಿದೆ. ಬಾಗಿದ ಶಾಫ್ಟನ್ನು ಸುತ್ತಿಗೆಯಿಂದ ನೇರ ಮಾಡಲು ಹೋಗಬೇಡಿ, ಹೊಸ ಶಾಫ್ಟ್ ಹಾಕಿ. ಸರ್ವೋಗಳನ್ನು ಒಂದೊಂದಾಗಿ ಈ ತುದಿಯಿಂದ ಆ ತುದಿವರೆಗೆ ನಿಧಾನ ಓಡಿಸಿ. ನಡುವೆ ಎಲ್ಲಾದರೂ ಹಾರಿದಂತೆ ಕಂಡರೆ ಹಲ್ಲು ಮುರಿದಿದೆ. 9 ಗ್ರಾಮಿನ ಪ್ಲಾಸ್ಟಿಕ್ ಗೇರಿನ ಸರ್ವೋದಲ್ಲಿ ಇದು ತೀರಾ ಸಾಮಾನ್ಯ. ಹೊರಗಿನಿಂದ ಏನೂ ಕಾಣುವುದಿಲ್ಲ, ಅದೇ ತೊಂದರೆ.

ಪ್ರಶ್ನೆ: ವಿಮಾನ ಬಿದ್ದಾಗ ಬ್ಯಾಟರಿಯ ಒಂದು ಮೂಲೆ ಒತ್ತಿಹೋಗಿದೆ. ಮಗ ಮೀಟರ್ ಹಿಡಿದು ತೋರಿಸಿದ, ವೋಲ್ಟೇಜ್ ಸರಿಯಾಗಿದೆ. ಚಾರ್ಜ್ ಮಾಡ್ತೀನಿ ಅಂತಾನೆ, ಅದೂ ಮಲಗುವ ಕೋಣೆಯಲ್ಲಿ. ನನಗೆ ಭಯ. — ಹುಬ್ಬಳ್ಳಿಯ ಓದುಗರು

ನಿಮ್ಮ ಭಯ ಸರಿ ಇದೆ, ಮಗನ ಮೀಟರೂ ಸರಿ ಇದೆ. ಈ ವಿಮಾನಗಳ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿಯೊಳಗೆ ತೆಳುವಾದ ಪದರಗಳನ್ನು ಒತ್ತೊತ್ತಾಗಿ ಜೋಡಿಸಿರುತ್ತಾರೆ. ನಡುವೆ ಇರುವ ಪ್ಲಾಸ್ಟಿಕ್ ಪೊರೆ ಮೂಲೆಯಲ್ಲಿ ಹರಿದಿದ್ದರೂ ಪದರಗಳು ಇನ್ನೂ ತಾಗದೆ ಇರಬಹುದು. ಆಗ ವೋಲ್ಟೇಜ್ ಸರಿಯಾಗೇ ತೋರಿಸುತ್ತದೆ. ಚಾರ್ಜ್ ಆಗುವಾಗ ಸೆಲ್ ಸ್ವಲ್ಪ ಹಿಗ್ಗುತ್ತದೆ, ಬಿಸಿಯಾಗುತ್ತದೆ, ಪದರಗಳು ತಾಗಿದರೆ ಬೆಂಕಿ. ಅದನ್ನು ನೀವು ಆರಿಸುವಷ್ಟರಲ್ಲಿ ಹಾಸಿಗೆ ಹೊತ್ತಿರುತ್ತದೆ.

ಆದ್ದರಿಂದ ಮೂಲೆ ಒತ್ತಿದ, ಉಬ್ಬಿದ, ಚುಚ್ಚಿಹೋದ, ಸಿಹಿಯಾದ ಒಂಥರಾ ವಾಸನೆ ಬರುವ ಬ್ಯಾಟರಿಗೆ ರಿಪೇರಿ ಇಲ್ಲ. ಮನೆಯ ಹೊರಗೆ ಮರಳು ತುಂಬಿದ ತಗಡಿನ ಬಕೆಟ್ಟಿನಲ್ಲಿ ಇಡಿ. ಕಸದ ಬುಟ್ಟಿಗೆ ಹಾಕಬೇಡಿ, ಕಸದ ಲಾರಿಯೊಳಗೆ ಒತ್ತಿ ಹೊತ್ತಿಕೊಂಡೀತು. ಇ-ತ್ಯಾಜ್ಯ ತೆಗೆದುಕೊಳ್ಳುವ ಕೇಂದ್ರಕ್ಕೆ ಕೊಡಿ. ಏನೂ ಆಗಿಲ್ಲ ಅಂತ ಕಾಣುವ ಬ್ಯಾಟರಿಯನ್ನೂ ಬಿದ್ದ ಮೇಲೆ ಅರ್ಧ ಗಂಟೆಯಾದರೂ ವಿಮಾನದಿಂದ ಹೊರಗೆ, ಬಯಲಲ್ಲಿ ಇಟ್ಟು ನೋಡಿ. ಆಮೇಲೆ ಒಂದೊಂದು ಸೆಲ್ ಅಳೆಯಿರಿ. ಒಂದು ಸೆಲ್ ಉಳಿದವುಗಳಿಗಿಂತ ಕಡಿಮೆ ತೋರಿಸಿ, ಮರುದಿನ ಇನ್ನೂ ಇಳಿದಿದ್ದರೆ ಅದೂ ಬಕೆಟ್ಟಿಗೆ. ಮತ್ತೆ ಆ ಮಲಗುವ ಕೋಣೆ. ಒಳ್ಳೆಯ ಬ್ಯಾಟರಿಯನ್ನೂ ಅಲ್ಲಿ ಚಾರ್ಜ್ ಮಾಡುವುದು ಬೇಡ. ಕಲ್ಲಿನ ಅಥವಾ ಸಿಮೆಂಟಿನ ನೆಲ, ಹತ್ತಿರ ಯಾರಾದರೂ ಎಚ್ಚರ ಇರಬೇಕು.

ಪ್ರಶ್ನೆ: ಪ್ರೊಪೆಲ್ಲರ್ ತುದಿ ಸ್ವಲ್ಪವೇ ಚಕ್ಕೆ ಎದ್ದಿದೆ. ಅಂಟಿಸಿ ಉಜ್ಜಿದರೆ ಆಗುತ್ತಾ? — ಹಾಸನದ ಓದುಗರು

ಇಲ್ಲ. ಹತ್ತು ಇಂಚಿನ ಪ್ರೊಪೆಲ್ಲರ್ ನಿಮಿಷಕ್ಕೆ 9,000 ಸುತ್ತು ತಿರುಗುವಾಗ ಅದರ ತುದಿ ಗಂಟೆಗೆ 400 ಕಿಲೋಮೀಟರಿಗಿಂತ ವೇಗವಾಗಿ ಓಡುತ್ತಿರುತ್ತದೆ. ಅಂಟಿಸಿದ ಚೂರು ಎತ್ತ ಹಾರುತ್ತದೆ ಅಂತ ಯಾರು ಹೇಳುವುದು? ಎರಡಾಗಿ ಮುರಿದು ಎಸೆಯಿರಿ, ಮನೆಯಲ್ಲಿ ಬೇರೆ ಯಾರೂ ಎತ್ತಿ ಹಾಕದ ಹಾಗೆ.

ಪ್ರಶ್ನೆ: ಬಿದ್ದ ವಿಮಾನವನ್ನು ತುಂಬಾ ನೀಟಾಗಿ ರಿಪೇರಿ ಮಾಡಿದೆ. ಬಾಲಕ್ಕೂ ಎಪಾಕ್ಸಿ, ಟೇಪ್ ಎಲ್ಲ ಹಾಕಿ ಗಟ್ಟಿ ಮಾಡಿದೆ. ಮೊದಲ ಹಾರಾಟದಲ್ಲೇ ಅದೇ ಮೈದಾನದಲ್ಲಿ ಅದೇ ತಿರುವಿನಲ್ಲಿ ಮತ್ತೆ ಬಿತ್ತು. ಯಾಕೆ ಬೀಳುತ್ತಿದೆ? — ಶಿವಮೊಗ್ಗದ ಓದುಗರು

ನೀವು ಬರೆದ ವಿವರ ಇದು: ಗಾಳಿಯ ಜೊತೆಗೆ ಬಂದಿರಿ, ಥ್ರಾಟಲ್ ಇಳಿಸಿದಿರಿ, ಇಳಿಯಲು ಬಲಕ್ಕೆ ತಿರುಗಿಸಿದಿರಿ, ಬಲ ರೆಕ್ಕೆ ತಟ್ಟನೆ ಕುಸಿಯಿತು, ಮೂಗು ನೆಲಕ್ಕೆ. ಇದು ಸ್ಟಾಲ್. ರೆಕ್ಕೆಗೆ ಬೇಕಾದ ವೇಗ ಇಲ್ಲದಾಗ, ಮೂಗು ಎತ್ತಿ ಹಿಡಿದಾಗ, ಮೇಲಿನ ಗಾಳಿ ರೆಕ್ಕೆಯನ್ನು ಬಿಟ್ಟು ಹೋಗುತ್ತದೆ. ಸಾಮಾನ್ಯವಾಗಿ ಒಂದು ರೆಕ್ಕೆ ಇನ್ನೊಂದಕ್ಕಿಂತ ಮುಂಚೆ ಸೋಲುತ್ತದೆ. ಅದಕ್ಕೇ ಪಕ್ಕಕ್ಕೆ ಮಗುಚುವುದು.

ಬೆನ್ನ ಹಿಂದೆ ಗಾಳಿ ಇರುವಾಗ ವಿಮಾನ ನೆಲದಿಂದ ನೋಡುವವರಿಗೆ ಜೋರಾಗಿ ಹೋಗುತ್ತಿರುವಂತೆ ಕಾಣುತ್ತದೆ. ನಾವು ಥ್ರಾಟಲ್ ಇಳಿಸುತ್ತೇವೆ. ಗಾಳಿಯ ಲೆಕ್ಕದಲ್ಲಿ ಅದು ಆಗಲೇ ನಿಧಾನವಾಗಿರುತ್ತದೆ. ಅದರ ಮೇಲೆ ತಿರುವು. 45 ಡಿಗ್ರಿ ವಾಲಿಸಿ ಎತ್ತರ ಬಿಡದೆ ತಿರುಗಿದರೆ ಸ್ಟಾಲ್ ಆಗುವ ವೇಗ ಸುಮಾರು 19 ಶೇಕಡಾ ಏರುತ್ತದೆ, 60 ಡಿಗ್ರಿಗೆ 41 ಶೇಕಡಾ. ನೇರ ಹಾರುವಾಗ ಸಾಕಾಗಿದ್ದ ವೇಗ ತಿರುವಿನಲ್ಲಿ ಸಾಲದು.

ಇಷ್ಟು ಮೊದಲ ಸಲಕ್ಕೆ. ಎರಡನೇ ಸಲ ಬಿದ್ದದ್ದರಲ್ಲಿ ನಿಮ್ಮ ನೀಟಾದ ರಿಪೇರಿಯ ಪಾಲೂ ಇದೆ, ಬೇಜಾರು ಮಾಡಿಕೊಳ್ಳಬೇಡಿ. ಬಾಲಕ್ಕೆ 10 ಗ್ರಾಂ ಅಂಟು, ಟೇಪ್ ಸೇರಿಸಿದ್ದೀರಿ ಅಂದುಕೊಳ್ಳೋಣ. ತೂಕ ಸಮವಾಗುವ ಬಿಂದುವಿನಿಂದ ಬಾಲ 600 ಮಿಲಿಮೀಟರ್ ಹಿಂದೆ ಇದೆ, ಮೂಗು 250 ಮಿಲಿಮೀಟರ್ ಮುಂದೆ ಇದೆ. ಸರಿದೂಗಿಸಲು ಮೂಗಿನಲ್ಲಿ 24 ಗ್ರಾಂ ಬೇಕು. ನೀವು ಹಾಕಿಲ್ಲ. ವಿಮಾನ ಬಾಲಭಾರವಾಯಿತು. ಬಾಲಭಾರದ ವಿಮಾನ ರಿಮೋಟಿನ ಕಡ್ಡಿ ಸ್ವಲ್ಪ ಎಳೆದರೂ ಮೂಗು ಎತ್ತಿಬಿಡುತ್ತದೆ, ಸ್ಟಾಲ್ ಆದ ಮೇಲೆ ಸುಲಭಕ್ಕೆ ಸುಧಾರಿಸಿಕೊಳ್ಳುವುದಿಲ್ಲ. ಮೂಗಿಗೆ ಸೀಸ ಕಟ್ಟುವ ಬದಲು ಬ್ಯಾಟರಿ ಸರಿಸಿ. 180 ಗ್ರಾಮಿನ ಬ್ಯಾಟರಿಯನ್ನು 33 ಮಿಲಿಮೀಟರ್ ಮುಂದೆ ತಳ್ಳಿದರೆ ಅಷ್ಟೇ ಕೆಲಸ ಆಗುತ್ತದೆ, ಒಂದು ಗ್ರಾಮೂ ಏರುವುದಿಲ್ಲ.

ತೂಕ ಸಮವಾಗುವ ಬಿಂದು ಎಲ್ಲಿರಬೇಕು ಅನ್ನುವುದು ವಿಮಾನದ ಪುಸ್ತಕದಲ್ಲಿ ಇರುತ್ತದೆ. ಕಳೆದುಹೋಗಿದ್ದರೆ, ನೇರ ರೆಕ್ಕೆಯ ಟ್ರೈನರ್‌ಗೆ ರೆಕ್ಕೆಯ ಅಗಲದ 25ರಿಂದ 30 ಶೇಕಡಾ, ಮುಂದಿನ ಅಂಚಿನಿಂದ ಅಳೆದು ಗುರುತು ಹಾಕಿ. 200 ಮಿಲಿಮೀಟರ್ ಅಗಲ ಇದ್ದರೆ 50ರಿಂದ 60. ಎರಡು ರೆಕ್ಕೆಗಳ ಕೆಳಗೆ ಆ ಗುರುತಿನಲ್ಲಿ ಬೆರಳಿಟ್ಟು ಎತ್ತಿ. ಸಮವಾಗಿ ನಿಲ್ಲಬೇಕು, ಇಲ್ಲಾ ಮೂಗು ಒಂಚೂರು ಬಾಗಬೇಕು.

ಇನ್ನೊಂದು, ಒಟ್ಟು ತೂಕ. 900 ಗ್ರಾಮಿನ ವಿಮಾನಕ್ಕೆ ರಿಪೇರಿಯಲ್ಲಿ 90 ಗ್ರಾಂ ಸೇರಿದರೆ ಸ್ಟಾಲ್ ವೇಗ ಸುಮಾರು 5 ಶೇಕಡಾ ಏರುತ್ತದೆ. ಕೇಳಲು ಕಡಿಮೆ. ಆದರೆ ನಿಮ್ಮ ಕೈಗೆ ಅಭ್ಯಾಸವಾದ ಲ್ಯಾಂಡಿಂಗ್ ವೇಗ ಹಳೆಯದೇ ಅಲ್ವಾ? ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ರಿಪೇರಿಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ತೂಗಿ ಬರೆದಿಡಿ.

ನೇರ ಇದೆಯಾ ನೋಡಲು ದಾರ ಸಾಕು. ಬಾಲದ ನಡುಬಿಂದುವಿನಿಂದ ಎರಡೂ ರೆಕ್ಕೆ ತುದಿಗೆ ಅಳೆಯಿರಿ, ಒಂದೇ ಉದ್ದ ಬರಬೇಕು. ಹತ್ತು ಹೆಜ್ಜೆ ಹಿಂದೆ ನಿಂತು ನೋಡಿ, ರೆಕ್ಕೆಯೂ ಬಾಲದ ಅಡ್ಡಪಟ್ಟಿಯೂ ಸಮಾನಾಂತರ ಇರಬೇಕು. ಒಂದು ರೆಕ್ಕೆಯ ಹಿಂದಿನ ಅಂಚು ಇನ್ನೊಂದಕ್ಕಿಂತ ಕೆಳಗೆ ತಿರುಚಿದ್ದರೆ ಆ ಕಡೆ ಎತ್ತುವ ಬಲ ಜಾಸ್ತಿ, ವಿಮಾನ ಯಾವಾಗಲೂ ಇನ್ನೊಂದು ಕಡೆಗೆ ವಾಲುತ್ತದೆ. ಅದನ್ನು ರಿಮೋಟಿನ ಟ್ರಿಮ್ ಗುಂಡಿ ಒತ್ತಿ ಮುಚ್ಚಿಹಾಕಬಹುದು. ವೇಗ ಇಳಿದಾಗ ತೊಂದರೆ ಮತ್ತೆ ಬರುತ್ತದೆ, ಅದೂ ನೆಲದ ಹತ್ತಿರ ಇರುವಾಗಲೇ.

ನಿಮ್ಮ ಹಾಗೆ ಬೀಳಿಸಿದವರು ದೊಡ್ಡವರೂ ಇದ್ದಾರೆ. 1903ರ ಡಿಸೆಂಬರ್ 14ರಂದು ವಿಲ್ಬರ್ ರೈಟ್ ತಮ್ಮ ವಿಮಾನದ ಮೂಗನ್ನು ಅತಿಯಾಗಿ ಎತ್ತಿದರು, ಅದು ಮೂರೂವರೆ ಸೆಕೆಂಡಿನಲ್ಲಿ ಮರಳಿಗೆ ಬಿತ್ತು. ಮೂಗು ಎತ್ತಿದ್ದು ಜಾಸ್ತಿಯಾಯಿತು ಅಂತ ಅವರಿಗೆ ಗೊತ್ತಿತ್ತು. ಮುರಿದದ್ದನ್ನು ಸರಿಮಾಡಿ ಅಣ್ಣತಮ್ಮ ಇಬ್ಬರೂ 17ರಂದು ಹಾರಿಸಿದರು. ಆ ದಿನವನ್ನೇ ನಾವು ಶಾಲೆಯಲ್ಲಿ ಓದಿದ್ದು.

ಪ್ರಶ್ನೆ: ನಮ್ಮ ಕಾಲೇಜು ತಂಡದ ಬಾಲ್ಸಾ (ಹಗುರ ಮರ) ವಿಮಾನದ ರೆಕ್ಕೆಯ ಸ್ಪಾರ್, ಅಂದರೆ ರೆಕ್ಕೆಯ ಉದ್ದಕ್ಕೂ ಹಾಯುವ ಮುಖ್ಯ ಪಟ್ಟಿ, ಮುರಿದಿದೆ. ಸ್ಪರ್ಧೆ ಹತ್ತಿರ ಬಂದಿದೆ. ತುದಿಗೆ ತುದಿ ಅಂಟಿಸಿ ಮೇಲೊಂದು ದಪ್ಪ ಪ್ಲೈವುಡ್ ಪಟ್ಟಿ ಹಾಕಿದರೆ ಸಾಕಾ? — ಬೆಳಗಾವಿಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು

ಸಾಲದು. ತುದಿಗೆ ತುದಿ ಅಂಟಿಸಿದಾಗ ಅಂಟು ಮರದ ನಾರಿನ ಕೊನೆಗಳನ್ನಷ್ಟೇ ಹಿಡಿಯುತ್ತದೆ, ಅದು ಹಿಡಿತವೇ ಅಲ್ಲ. ಎರಡೂ ತುಂಡನ್ನು ಓರೆಯಾಗಿ ಸೀಳಿ, ದಪ್ಪದ ಎಂಟರಷ್ಟು ಉದ್ದಕ್ಕೆ. 6 ಮಿಲಿಮೀಟರ್ ಸ್ಪಾರ್‌ಗೆ ಸುಮಾರು 50 ಮಿಲಿಮೀಟರ್ ಓರೆ. ಆಗ ನಾರಿನ ಪಕ್ಕಗಳು ಅಂಟಿಗೆ ಸಿಗುತ್ತವೆ. ಎರಡೂ ಬದಿಗೆ 1 ಮಿಲಿಮೀಟರ್ ಪ್ಲೈವುಡ್ ಪಟ್ಟಿ, ನಿಧಾನದ ಎಪಾಕ್ಸಿ. ಪಟ್ಟಿಯ ತುದಿಗಳನ್ನು ಚೂಪಾಗಿ ಇಳಿಸಿ. ಚೌಕವಾಗಿ ಕತ್ತರಿಸಿ ಬಿಟ್ಟರೆ ಗಡುಸು ಮುಗಿಯುವ ಆ ಗೆರೆಯಲ್ಲೇ ಬಾಗುವ ಒತ್ತಡ ಎಲ್ಲ ಸೇರಿ, ಮುಂದಿನ ಸಲ ಪಟ್ಟಿಯ ಪಕ್ಕದಲ್ಲೇ ಮುರಿಯುತ್ತದೆ. ದಪ್ಪ ಪಟ್ಟಿ ಹಾಕಿದವರ ರೆಕ್ಕೆಗಳು ಹೀಗೆಯೇ ಮುರಿಯುವುದು. ಸ್ಪಾರ್‌ಗಳ ನಡುವಿನ ತೆಳು ಹಲಗೆ ಹೋಗಿದ್ದರೆ ಹೊಸದನ್ನು ನಾರು ಮೇಲೆಕೆಳಗೆ ಇರುವ ಹಾಗೆ ಕೂರಿಸಿ, ಅಡ್ಡಡ್ಡ ಅಲ್ಲ.

ಇದೆಲ್ಲ ಸಮತಟ್ಟಾದ ಹಲಗೆಯ ಮೇಲೆ ಗುಂಡುಪಿನ್ ಚುಚ್ಚಿ ನಿಲ್ಲಿಸಿಕೊಂಡು ಆಗಬೇಕು. ಕೆಳಗೆ ನಕ್ಷೆ, ನಕ್ಷೆಯ ಮೇಲೆ ಪ್ಲಾಸ್ಟಿಕ್ ಹಾಳೆ, ಇಲ್ಲದಿದ್ದರೆ ರೆಕ್ಕೆ ನಕ್ಷೆಗೇ ಅಂಟಿಕೊಳ್ಳುತ್ತದೆ. ಕೈಯಲ್ಲಿ ಹಿಡಿದು ಅಂಟಿಸಿದ ರೆಕ್ಕೆ ತಿರುಚದೆ ಇರುವುದಿಲ್ಲ.

ಕಣ್ಣಿಗೆ ಕಾಣದ ಬಿರುಕು ಹುಡುಕಲು ರಾತ್ರಿ ದೀಪ ಆರಿಸಿ, ರೆಕ್ಕೆಯ ಹಿಂದೆ ಟಾರ್ಚ್ ಹಿಡಿಯಿರಿ. ರೆಕ್ಕೆಗೆ ಹೊದಿಸಿದ್ದು ತಿಳಿ ಬಣ್ಣದ ಫಿಲ್ಮ್ ಆದರೆ ಒಳಗಿನ ಪಕ್ಕೆಲುಬುಗಳ ನೆರಳು ಸ್ಪಷ್ಟ ಕಾಣುತ್ತದೆ, ಮುರಿದದ್ದು ಗೊತ್ತಾಗುತ್ತದೆ. ತೆಳುವಾದ ಸಯನೋ ಅಂಟು (ಫೆವಿಕ್ವಿಕ್ ಜಾತಿಯದು) ಒಂದು ಹನಿ ಬಿಟ್ಟರೆ ಬಿರುಕಿನೊಳಗೆ ತಾನೇ ಇಳಿಯುತ್ತದೆ. ಹರಿದ ಫಿಲ್ಮಿಗೆ ತೇಪೆ ಹಾಕುವಾಗ ಹಳೆಯದರ ಮೇಲೆ 6 ಮಿಲಿಮೀಟರಾದರೂ ಹತ್ತಿರಲಿ, ಮೊದಲು ಕೆಳಬದಿ, ಆಮೇಲೆ ಮೇಲ್ಬದಿ. ಇಸ್ತ್ರಿಯ ಬಿಸಿ ಫಿಲ್ಮಿನ ಪೊಟ್ಟಣದ ಮೇಲೆ ಬರೆದಷ್ಟೇ ಇರಲಿ. ರೆಕ್ಕೆ ಸ್ವಲ್ಪ ತಿರುಚಿಕೊಂಡಿದ್ದರೆ ಎದುರು ದಿಕ್ಕಿಗೆ ತಿರುಚಿ ಹಿಡಿದು ಫಿಲ್ಮನ್ನು ಬಿಸಿ ಮಾಡಿ, ತಣ್ಣಗಾಗುವವರೆಗೆ ಬಿಡಬೇಡಿ.

ಬಾಲ್ಸಾ ಎಕ್ವಡೋರ್‌ನಿಂದ ಬರುವ ಮರ, ಇಲ್ಲಿ ದುಬಾರಿ. ಚೂರುಗಳನ್ನು ಎಸೆಯಬೇಡಿ, ಮುಂದಿನ ರಿಪೇರಿಗೆ ಅದೇ ಕಚ್ಚಾ ಸಾಮಾನು.

ಪ್ರಶ್ನೆ: ಹಾರುತ್ತಿದ್ದಾಗ ಸಿಗ್ನಲ್ ಕಟ್ ಆಗಿ ಬಿತ್ತು. ರೇಡಿಯೋ ಹೊಸದು ತಗೊಳ್ಳಲಾ? — ಕೋಲಾರದ ಓದುಗರು

ಬಿದ್ದ ವಿಮಾನಗಳ ಮಾಲೀಕರಲ್ಲಿ ಸಿಗ್ನಲ್ಲನ್ನು ದೂರದವರು ಕಡಿಮೆ. ದುಡ್ಡು ಖರ್ಚು ಮಾಡುವ ಮುಂಚೆ ಒಂದು ವಿಷಯ ನೆನಪಿಸಿಕೊಳ್ಳಿ. ಮೋಟಾರ್ ಮಾತ್ರ ನಿಂತಿತಾ, ಸರ್ವೋಗಳೂ ಸುಮ್ಮನಾದವಾ? ಮೋಟಾರ್ ನಿಂತು ಉಳಿದದ್ದು ಕೆಲಸ ಮಾಡುತ್ತಿದ್ದರೆ, ಬ್ಯಾಟರಿ ಇಳಿದಾಗ ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಿಸುವ ಸರ್ಕ್ಯೂಟ್) ತಾನಾಗೇ ಮೋಟಾರ್ ನಿಲ್ಲಿಸಿದೆ. ಅದು ಅದರ ಕೆಲಸ. ಎಲ್ಲವೂ ಒಂದೆರಡು ಸೆಕೆಂಡ್ ಸತ್ತಂತಾಗಿದ್ದರೆ ರಿಸೀವರ್‌ಗೆ ಬರುವ ವಿದ್ಯುತ್ ಕುಸಿದಿರಬಹುದು. ಒಂದು ಸರ್ವೋ ಸಿಕ್ಕಿಕೊಂಡು ಜಾಸ್ತಿ ಕರೆಂಟ್ ಎಳೆದರೂ ಸಾಕು. ಸುಮ್ನೆ ಕೂತ ಸರ್ವೋ ಗುಯ್ ಅನ್ನುತ್ತಿದ್ದರೆ ಅದು ತಳ್ಳುವ ಕಡ್ಡಿ (ಪುಶ್‌ರಾಡ್) ಎಲ್ಲೋ ಒತ್ತುತ್ತಿದೆ ಅಂತ ಅರ್ಥ.

ಆಂಟೆನಾ ನೋಡಿ. 2.4 ಗಿಗಾಹರ್ಟ್ಸ್ ರಿಸೀವರ್ ತಂತಿಯ ತುದಿಯಲ್ಲಿ ಮೇಲುಹೊದಿಕೆ ಸುಲಿದ ಸುಮಾರು 31 ಮಿಲಿಮೀಟರ್ ಇದೆಯಲ್ಲ, ಕೆಲಸ ಮಾಡುವುದು ಅಷ್ಟೇ. ಬಿದ್ದಾಗ ಅದೇ ತುಂಡಾಗುತ್ತದೆ, ಯಾರೂ ಗಮನಿಸುವುದಿಲ್ಲ. ಎರಡು ಆಂಟೆನಾ ಇದ್ದರೆ ಒಂದಕ್ಕೊಂದು 90 ಡಿಗ್ರಿಯಲ್ಲಿ ಇಡಿ. ರಿಮೋಟಿನಲ್ಲಿ ರೇಂಜ್ ಪರೀಕ್ಷೆಯ ಆಯ್ಕೆ ಹಾಕಿ ಮೂವತ್ತು ಹೆಜ್ಜೆ ದೂರ ಹೋಗಿ, ಎಲ್ಲ ಸರ್ವೋ ಆಡಬೇಕು. ಪ್ರೊಪೆಲ್ಲರ್ ತೆಗೆದು, ಮೋಟಾರ್ ನಿಧಾನ ತಿರುಗುವಾಗ ರಿಮೋಟ್ ಆಫ್ ಮಾಡಿ. ಮೋಟಾರ್ ನಿಲ್ಲಬೇಕು. ನಿಲ್ಲದಿದ್ದರೆ ಫೇಲ್‌ಸೇಫ್ (ಸಿಗ್ನಲ್ ಹೋದಾಗ ಮೋಟಾರ್ ನಿಲ್ಲಿಸುವ ಏರ್ಪಾಡು) ಹಾಕದೆ ಹಾರಿಸಬೇಡಿ.

ಬಿದ್ದ ಇಎಸ್‌ಸಿಗೆ ಮೊದಲ ಸಲ ಬ್ಯಾಟರಿ ಜೋಡಿಸುವಾಗ ನಡುವೆ ಬೈಕಿನ 12 ವೋಲ್ಟ್ 21 ವ್ಯಾಟ್ ಬಲ್ಬ್ ಸೇರಿಸಿ, ಪ್ಲಸ್ ತಂತಿಯಲ್ಲಿ. ಮೂರು ಸೆಲ್ಲಿನ ಬ್ಯಾಟರಿಗೆ ಇದು ಸರಿ. ಬಲ್ಬ್ ಒಮ್ಮೆ ಮಿಂಚಿ ಆರಿದರೆ ಒಳ್ಳೆಯದು. ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ, ಬಲ್ಬ್ ಇದ್ದದ್ದರಿಂದ ಹೊಗೆ ಬರಲಿಲ್ಲ ಅಷ್ಟೇ.

ಪ್ರಶ್ನೆ: ವಿಮಾನ ಕೆರೆಗೆ ಬಿತ್ತು. ಈಜಿ ತಂದೆವು. ರಿಸೀವರ್, ಸರ್ವೋ ಎಲ್ಲ ಅಕ್ಕಿ ಡಬ್ಬದಲ್ಲಿ ಇಟ್ಟಿದ್ದೇನೆ. — ಮೈಸೂರಿನ ಓದುಗರು

ಅಕ್ಕಿಯನ್ನು ಅನ್ನಕ್ಕೆ ಬಿಡಿ. ಫ್ಯಾನಿನ ಗಾಳಿ ಅದಕ್ಕಿಂತ ಚೆನ್ನಾಗಿ ಒಣಗಿಸುತ್ತದೆ. ನೀರಿನಿಂದ ತೆಗೆದ ಕೂಡಲೇ ಬ್ಯಾಟರಿ ಕಳಚಬೇಕು, ಅದು ಮೊದಲ ಕೆಲಸ. ನೀರಿನಲ್ಲಿ ಕರೆಂಟ್ ಹರಿಯುತ್ತಿದ್ದಷ್ಟು ಹೊತ್ತು ತಾಮ್ರ ಕರಗುತ್ತಿರುತ್ತದೆ. ಕೆಸರಾಗಿದ್ದರೆ ಒಳ್ಳೆಯ ನೀರಿನಲ್ಲಿ ತೊಳೆಯಿರಿ. ಕರಾವಳಿಯವರು ಸಮುದ್ರಕ್ಕೆ ಬೀಳಿಸಿದ್ದರೆ ತೊಳೆಯಲೇಬೇಕು, ಉಪ್ಪು ಒಣಗಿದ ಮೇಲೂ ಸುಮ್ಮನಿರುವುದಿಲ್ಲ. ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅಲುಗಿಸಿ ತೆಗೆಯಿರಿ. ಇಎಸ್‌ಸಿಯ ಮೇಲಿನ ಪ್ಲಾಸ್ಟಿಕ್ ಹೊದಿಕೆ ಸೀಳಿ ತೆಗೆಯದಿದ್ದರೆ ಒಳಗಿನ ನೀರು ವಾರವಾದರೂ ಇರುತ್ತದೆ. ಸರ್ವೋಗಳ ತಳದ ತಿರುಪು ಬಿಚ್ಚಿ ಬಾಯಿ ತೆರೆದಿಡಿ. ಮೋಟಾರ್ ಬೇರಿಂಗಿಗೆ ಒಂದೊಂದು ಹನಿ ತೆಳು ಎಣ್ಣೆ. ಎರಡು ಮೂರು ದಿನ ಬಿಟ್ಟು, ಕೋಲಾರದವರಿಗೆ ಹೇಳಿದ ಬಲ್ಬಿನ ಪರೀಕ್ಷೆ ಮಾಡಿ.

ಪ್ರಶ್ನೆ: ತೆಂಗಿನ ಮರದ ಮೇಲೆ ಸಿಕ್ಕಿಕೊಂಡಿದೆ! — ಉಡುಪಿಯ ಓದುಗರು

ಮೋಟಾರ್ ಜೋರು ಮಾಡಿ ಬಿಡಿಸಲು ಹೋಗಬೇಡಿ. ಗರಿಗೆ ಸಿಕ್ಕಿದ ಪ್ರೊಪೆಲ್ಲರ್ ತಿರುಗದೆ ಮೋಟಾರ್ ಅಥವಾ ಇಎಸ್‌ಸಿ ಸುಡುತ್ತದೆ. ರಿಮೋಟನ್ನು ಆನ್ ಇಟ್ಟೇ ಇರಿ, ಥ್ರಾಟಲ್ ಪೂರ್ತಿ ಕೆಳಗೆ. ಕಾಯಿ ಕೀಳುವವರನ್ನು ಕರೆಸಿ, ಹತ್ತುವ ಮುಂಚೆಯೇ ಯಾವ ತಂತಿ ಕಳಚಬೇಕು ಅಂತ ಅವರಿಗೆ ಫೋಟೋ ತೋರಿಸಿ. ಒಂದು ರಾತ್ರಿ ಮೇಲೇ ಉಳಿದರೆ ಬ್ಯಾಟರಿ ಪೂರ್ತಿ ಬರಿದಾಗಿರುತ್ತದೆ, ಅದನ್ನು ಮತ್ತೆ ಚಾರ್ಜ್ ಮಾಡಬೇಡಿ.

ಪ್ರಶ್ನೆ: ರಿಪೇರಿ ಮುಗಿಯಿತು. ಮೊದಲ ಹಾರಾಟಕ್ಕೆ ಮುಂಚೆ ಏನು ನೋಡಬೇಕು? ಮನೆ ಹತ್ತಿರದ ಖಾಲಿ ಸೈಟಿನಲ್ಲಿ ಹಾರಿಸಬಹುದಾ? — ಬೆಂಗಳೂರಿನ ಓದುಗರು

ಎರಡನೆಯದಕ್ಕೆ ಮೊದಲು ಉತ್ತರ. ಖಾಲಿ ಸೈಟ್ ಬೇಡ. 2021ರ ಡ್ರೋನ್ ನಿಯಮಗಳಲ್ಲಿ ರಿಮೋಟ್ ವಿಮಾನವೂ ಸೇರುತ್ತದೆ. ಯಲಹಂಕ, ಜಕ್ಕೂರು, ಎಚ್‌ಎಎಲ್ ಅಂತ ಬೆಂಗಳೂರಿನ ಸುತ್ತ ವಿಮಾನ ಇಳಿಯುವ ಜಾಗಗಳೇ ಇವೆ. ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ನಿಮ್ಮ ಜಾಗ ಹಸಿರಾಗಿದೆಯಾ ನೋಡಿ. ಹಸಿರು ಇದ್ದರೂ 120 ಮೀಟರಿಗಿಂತ ಮೇಲೆ ಬೇಡ, ವಿಮಾನ ನಿಲ್ದಾಣದಿಂದ 8ರಿಂದ 12 ಕಿಲೋಮೀಟರ್ ನಡುವೆ ಇದ್ದರೆ ಅದರ ಅರ್ಧ, ಅಂದರೆ 60 ಮೀಟರ್. ಊರ ಹೊರಗಿನ ಹುಲ್ಲು ಮೈದಾನ ಹುಡುಕಿ. ಹುಲ್ಲಿನ ಮೇಲೆ ಬಿದ್ದರೆ ಅರ್ಧ ಪೆಟ್ಟು.

ಇನ್ನು ಪರೀಕ್ಷೆ. ವಿಮಾನದ ಹಿಂದೆ ನಿಂತು ರಿಮೋಟಿನ ಕಡ್ಡಿ ಬಲಕ್ಕೆ ವಾಲಿಸಿ. ಕಡ್ಡಿ ಯಾವ ಕಡೆಗೋ ಆ ಕಡೆಯ ಏಲೆರಾನ್ (ರೆಕ್ಕೆಯ ಹಿಂದಿನ ಅಂಚಿನಲ್ಲಿ ಆಡುವ ಪಟ್ಟಿ) ಮೇಲೇಳಬೇಕು. ಕಡ್ಡಿ ನಿಮ್ಮ ಕಡೆ ಎಳೆದರೆ ಎಲಿವೇಟರ್ (ಬಾಲದ ಅಡ್ಡಪಟ್ಟಿಯಲ್ಲಿ ಆಡುವ ಭಾಗ) ಮೇಲಕ್ಕೆ. ಆಡುತ್ತಿದೆ ಅಂತ ನೋಡಿದರೆ ಸಾಲದು, ಎತ್ತ ಆಡುತ್ತಿದೆ ಅಂತ ನೋಡಿ. ರಿಪೇರಿಯಲ್ಲಿ ಸರ್ವೋ ಪ್ಲಗ್ ಅದಲುಬದಲಾಗಿರುತ್ತದೆ, ಇಲ್ಲಾ ಸರ್ವೋ ತೋಳನ್ನು ಆ ಬದಿಗೆ ಬದಲು ಈ ಬದಿಗೆ ಹಾಕಿರುತ್ತೀರಿ. ಏಲೆರಾನ್ ತಿರುಗುಮುರುಗು ಆದ ವಿಮಾನ ಎಷ್ಟು ಚೆನ್ನಾಗಿ ಅಂಟಿಸಿದ್ದರೂ ಹತ್ತು ಸೆಕೆಂಡ್ ನಿಲ್ಲುವುದಿಲ್ಲ. ಕಳೆದುಹೋದ ಪುಶ್‌ರಾಡ್ ಬದಲಿಗೆ ಸೈಕಲ್ ಕಡ್ಡಿ ಹಾಕಿದ್ದರೆ ಅದು ಬಾಗದೆ ಸಲೀಸಾಗಿ ಜಾರುತ್ತಿದೆಯಾ ನೋಡಿ.

ಮೋಟಾರನ್ನು ನೆಲದ ಮೇಲೆ ಪೂರ್ತಿ ಥ್ರಾಟಲ್‌ನಲ್ಲಿ ಅರ್ಧ ನಿಮಿಷ ಓಡಿಸಿ, ಯಾರಾದರೂ ಹಿಂದಿನಿಂದ ಗಟ್ಟಿಯಾಗಿ ಹಿಡಿದಿರಲಿ, ಪ್ರೊಪೆಲ್ಲರ್ ತಿರುಗುವ ಸಾಲಿನಲ್ಲಿ ಯಾರೂ ನಿಲ್ಲಬಾರದು. ಅಂಟಿಸಿದ ಮೂಗು ನಡುಗಿದರೆ ಅಲ್ಲೇ ಗೊತ್ತಾಗುತ್ತದೆ. ಬೆಳಿಗ್ಗೆ ಗಾಳಿ ಏಳುವ ಮುಂಚೆ ಹೋಗಿ. ಮೇಲೆ ಹೋದ ಮೇಲೆ ಮೊದಲ ಕೆಲಸ ಲ್ಯಾಂಡಿಂಗ್ ಅಲ್ಲ. ಎತ್ತರದಲ್ಲಿ ಥ್ರಾಟಲ್ ಇಳಿಸಿ, ಕಡ್ಡಿ ನಿಧಾನ ಎಳೆಯುತ್ತಾ ಎಲ್ಲಿ ಸ್ಟಾಲ್ ಆಗುತ್ತದೆ, ಯಾವ ರೆಕ್ಕೆ ಮೊದಲು ಬೀಳುತ್ತದೆ ನೋಡಿಕೊಳ್ಳಿ. ಅದಕ್ಕಿಂತ ಸಾಕಷ್ಟು ಜಾಸ್ತಿ ವೇಗದಲ್ಲಿ ಇಳಿಸಿ. ಎರಡು ಮೂರು ನಿಮಿಷಕ್ಕೇ ಕೆಳಗೆ ತಂದು ಬ್ಯಾಟರಿ ಕಳಚಿ, ಅಂಟಿಸಿದ ಜಾಗವನ್ನು ಬೆರಳಲ್ಲಿ ಒತ್ತಿ ನೋಡಿ, ಮೋಟಾರಿನ ತಿರುಪು ಒಮ್ಮೆ ಬಿಗಿ ಮಾಡಿ. ಉಳಿದ ಬ್ಯಾಟರಿ ಆಮೇಲೆ ಖಾಲಿ ಮಾಡಿ.